ತಡೆಯಬಾರದ್ದನ್ನು ತಡೆದಾಗ

ಕಕ್ಕಸಿಗೆ ಹೋದವಳು ಮೊದಲು ನಲ್ಲಿ ತಿರುಗಿಸುತ್ತಿದ್ದೆ. ಖಾಲಿ ಬಕೆಟ್ಟಿಗೆ ನೀರು ಜೋರಾಗಿ ಬೀಳಲು ಬಿಟ್ಟು ಆಮೇಲೆ ಕೂರುತ್ತಿದ್ದೆ. ಒಳಗೆ ನಾನು ನರಳುವುದು ನಡುಮನೆಯಲ್ಲಿ ಕೂತವರಿಗೆ ಕೇಳಬಾರದಿತ್ತು. ಮೊದಲ ಹೆರಿಗೆಯಾಗಿ ತವರಿನಲ್ಲಿದ್ದ ದಿನಗಳವು. ಮೂವತ್ತು ವರ್ಷದ ಹಿಂದಿನ ಮಾತು. ಹೆತ್ತ ನೋವನ್ನು ಮನೆಯವರೆಲ್ಲ ವಿಚಾರಿಸಿದ್ದರು, ಸಂತೈಸಿದ್ದರು, ನೆಂಟರ ಮುಂದೆ ಹೇಳಿಕೊಂಡೂ ಆಗಿತ್ತು. ದಿನಾ ಬೆಳಿಗ್ಗೆ ಆ ಸಣ್ಣ ಕೋಣೆಯಲ್ಲಿ ಆಗುತ್ತಿದ್ದ ನೋವನ್ನು ಮಾತ್ರ ಯಾರ ಹತ್ತಿರ ಹೇಳುವುದು? ಗಾಜಿನ ಚೂರು ಕೊಯ್ದುಕೊಂಡು ಹೋದಂತಾಗುತ್ತಿತ್ತು. ಎದ್ದು ಬಂದ ಮೇಲೂ ಒಂದೆರಡು ಗಂಟೆ ಉರಿ ಆರುತ್ತಿರಲಿಲ್ಲ. ಕೆಂಪು ರಕ್ತದ ತೊಟ್ಟು ಕಂಡ ದಿನ, ನನಗೆ ಕ್ಯಾನ್ಸರೇ ಆಗಿದೆ ಎಂದು ಗಟ್ಟಿಯಾಗಿ ನಂಬಿ, ತೊಟ್ಟಿಲಲ್ಲಿ ಮಲಗಿದ್ದ ಮಗಳ ಮುಖ ನೋಡಿಕೊಂಡು ಅತ್ತಿದ್ದೆ.

ಕಂಡುಹಿಡಿದವರು ನಮ್ಮ ದೊಡ್ಡಮ್ಮ. ಬಾಣಂತಿಯನ್ನು ನೋಡಲು ಊರಿಂದ ಬಂದವರು, ಬಾಗಿಲಲ್ಲಿ ನಿಂತು ನಾನು ಮಗುವಿಗೆ ಹಾಲು ಕುಡಿಸುವುದನ್ನೇ ಸ್ವಲ್ಪ ಹೊತ್ತು ನೋಡಿದರು.

"ಯಾಕವ್ವ, ಹಂಗೆ ಒಂದು ಪಕ್ಕಕ್ಕೆ ಓರೆಯಾಗಿ ಕೂತ್ಕೊಂಡಿದ್ದೀಯ?"

"ಏನಿಲ್ಲ ದೊಡ್ಡಮ್ಮ, ಸೊಂಟ ಹಿಡ್ಕೊಂಡಿದೆ."

ಅವರು ಬಾಗಿಲು ಮುಂದಕ್ಕೆಳೆದು ಬಂದು ಮಂಚದ ಅಂಚಿನಲ್ಲಿ ಕೂತರು. ದನಿ ತಗ್ಗಿಸಿ ಕೇಳಿದರು: "ಎರಡಕ್ಕೆ ಹೋಗುವಾಗ ನೋವಾಗ್ತದಾ? ನನಗೂ ಆಗಿತ್ತು ಕಣವ್ವ, ನಿಮ್ಮಣ್ಣ ಹುಟ್ಟಿದಾಗ. ಮೂರು ತಿಂಗಳು ಯಾರಿಗೂ ಹೇಳ್ದೆ ಒದ್ದಾಡಿದೆ."

'ನನಗೂ ಆಗಿತ್ತು' ಎಂಬ ಆ ಮಾತು ಕೇಳಿದ್ದೇ ನನ್ನ ಹೆಗಲು ತಾನಾಗಿ ಸಡಿಲವಾಯಿತು. ಔಷಧಿ ಇನ್ನೂ ಬಂದಿರಲಿಲ್ಲ, ಗಾಯ ಇದ್ದಲ್ಲೇ ಇತ್ತು. ಆದರೂ ಅರ್ಧ ಭಾರ ಅಲ್ಲೇ ಇಳಿಯಿತು. ಆ ನೋವು ಬೆಳೆದದ್ದು ತಡೆಯಿಂದ, ಬಲಿತದ್ದು ಮೌನದಿಂದ ಎಂದು ನನಗೆ ಇಂದಿಗೂ ಅನಿಸುತ್ತದೆ. ದೇಹ ಕರೆದಾಗ ಹೋಗದೆ ತಡೆಯುತ್ತೇವೆ. ನೋವಾದಾಗ ಹೇಳದೆ ತಡೆಯುತ್ತೇವೆ. ಈ ಎರಡು ತಡೆಗಳ ನಡುವೆ ಸಿಕ್ಕಿ ಎಷ್ಟು ಮನೆಗಳಲ್ಲಿ ಎಷ್ಟು ಜನ ಬೆಳಗನ್ನು ಕಂಡರೆ ಹೆದರುತ್ತಿದ್ದಾರೋ!

ಮಾರನೆಯ ದಿನ ದೊಡ್ಡಮ್ಮನೇ ಕರೆದುಕೊಂಡು ಹೋಗಿ ಪೇಟೆಯ ಲೇಡಿ ಡಾಕ್ಟರಿಗೆ ತೋರಿಸಿದರು. ಪರೀಕ್ಷೆಗೆ ಎರಡು ನಿಮಿಷ ಹಿಡಿಯಿತು. ಆಮೇಲೆ ಆಕೆ ಚೀಟಿಯ ಬೆನ್ನಿಗೆ ಒಂದರೊಳಗೊಂದು ಎರಡು ಉಂಗುರ ಬರೆದರು. ಹೊರಗಿನ ಉಂಗುರ ನಾವು ಹೇಳಿದ ಹಾಗೆ ಕೇಳುವ ಸ್ನಾಯು. ಬಿಗಿ ಅಂದರೆ ಬಿಗಿಯುತ್ತದೆ, ಬಿಡು ಅಂದರೆ ಬಿಡುತ್ತದೆ. ಒಳಗಿನದು ನಮ್ಮ ಮಾತಿಗೆ ಸಿಗುವುದಿಲ್ಲ, ತನ್ನಷ್ಟಕ್ಕೆ ತಾನು ಕೆಲಸ ಮಾಡುತ್ತದೆ. ಗಟ್ಟಿ ಮಲ ಹೊರಬರುವಾಗ ದ್ವಾರದ ಅಂಚಿನ ಚರ್ಮ ಸೀಳುತ್ತದೆ, ಸಾಮಾನ್ಯವಾಗಿ ಬೆನ್ನಿನ ಕಡೆಗೆ. ಸೀಳಿದ ನೋವಿಗೆ ಒಳಗಿನ ಉಂಗುರ ಗಕ್ಕನೆ ಬಿಗಿದುಕೊಳ್ಳುತ್ತದೆ. ಬಿಗಿದ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ. ರಕ್ತ ಹರಿಯದ ಗಾಯ ಮಾಯುವುದಿಲ್ಲ. ಅಷ್ಟರಲ್ಲಿ ಮತ್ತೊಂದು ಬೆಳಿಗ್ಗೆ ಬಂದಿರುತ್ತದೆ, ಅದೇ ಜಾಗ ಮತ್ತೆ ಸೀಳುತ್ತದೆ. ನೋವಿನ ಹೆದರಿಕೆಗೆ ಜನ ಹೋಗುವುದನ್ನೇ ಮುಂದೂಡುತ್ತಾರೆ. ಮುಂದೂಡಿದಷ್ಟೂ ಮಲ ಒಣಗುತ್ತದೆ, ಒಣಗಿದಷ್ಟೂ ಸೀಳು ಆಳವಾಗುತ್ತದೆ. "ಇದು ಕ್ಯಾನ್ಸರಲ್ಲಮ್ಮ, ಫಿಶರ್. ಬಿರುಕು. ಹಿಮ್ಮಡಿ ಒಡೆದ ಹಾಗೆ ಅಂದ್ಕೊಳ್ಳಿ. ಈ ಚಕ್ರ ಎಲ್ಲಾದರೂ ಒಂದು ಕಡೆ ನಿಂತರೆ ಉಳಿದದ್ದು ತಾನೇ ನಿಲ್ಲುತ್ತದೆ," ಅಂದರು.

ನಮ್ಮಲ್ಲಿ ಕೂರುವ ಜಾಗದ ತೊಂದರೆಗೆಲ್ಲ ಒಂದೇ ಹೆಸರು: ಮೂಲವ್ಯಾಧಿ. ಇಲ್ಲದಿದ್ದರೆ 'ಉಷ್ಣ ಆಗಿದೆ' ಎಂಬ ಒಂದೇ ಕಾರಣ. ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ. ಹೋಗುವಾಗ ಚಾಕು ಹಾಕಿದಂಥ ನೋವು, ಆಮೇಲೆ ಗಂಟೆಗಟ್ಟಲೆ ಉರಿ, ಒರೆಸಿದರೆ ಅಥವಾ ತೊಳೆದರೆ ಒಂದಿಷ್ಟು ಕೆಂಪು ರಕ್ತ ಇದ್ದರೆ ಹೆಚ್ಚಾಗಿ ಅದು ಬಿರುಕು. ಮೂಲವ್ಯಾಧಿ ಬೇರೆ. ಗುದನಾಳದ ಒಳಗೋಡೆಯಲ್ಲಿ ಎಲ್ಲರಿಗೂ ರಕ್ತನಾಳಗಳ ಮೆತ್ತನೆಯ ದಿಂಡುಗಳಿರುತ್ತವೆ. ತಿಣುಕಿ ತಿಣುಕಿ ಅವು ಊದಿ ಕೆಳಗೆ ಜಾರಿದರೆ ಅದು ಮೂಲವ್ಯಾಧಿ. ಒಳಗಿನ ಮೂಲವ್ಯಾಧಿಯಲ್ಲಿ ರಕ್ತ ತೊಟ್ಟಿಕ್ಕಿದರೂ ಎಷ್ಟೋ ಸಲ ನೋವೇ ಇರುವುದಿಲ್ಲ. ಹೊರಗಿನದರಲ್ಲಿ ರಕ್ತ ಹೆಪ್ಪುಗಟ್ಟಿದಾಗ ಮಾತ್ರ ಇದ್ದಕ್ಕಿದ್ದಂತೆ ಗೋಲಿಯಂಥ ಗಂಟಾಗಿ ಕೂರಲು ಬಿಡುವುದಿಲ್ಲ. ಇನ್ನು ಪಕ್ಕದಲ್ಲಿ ಸಣ್ಣ ರಂಧ್ರವಾಗಿ ಕೀವು ಸೋರುತ್ತಿದ್ದರೆ, ಅದು ಭಗಂದರ. ಅದಕ್ಕೆ ನಮ್ಮ ಹಳೆಯ ವೈದ್ಯದ ಕ್ಷಾರಸೂತ್ರ ಇಂದಿಗೂ ಒಪ್ಪಿತವಾದ ಚಿಕಿತ್ಸೆ. 1991ರಲ್ಲಿ ಪ್ರಕಟವಾದ, ಭಾರತದ ಹಲವು ಆಸ್ಪತ್ರೆಗಳಲ್ಲಿ ನಡೆದ ಹೋಲಿಕೆಯಲ್ಲಿ ಕ್ಷಾರಸೂತ್ರದವರ ಗಾಯ ಮಾಯಲು ಹೆಚ್ಚು ದಿನ ಹಿಡಿದರೂ, ರೋಗ ಮರುಕಳಿಸಿದ್ದು ಶಸ್ತ್ರಚಿಕಿತ್ಸೆ ಆದವರಿಗಿಂತ ಕಡಿಮೆ ಜನರಲ್ಲಿ.

ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ 'ಆಪರೇಷನ್ ಇಲ್ಲದೆ ಗ್ಯಾರಂಟಿ ಗುಣ' ಎಂದು ಬರೆಸಿರುತ್ತಾರಲ್ಲ, ಆ ಬಾಗಿಲಿಗೆ ಜನ ಹೋಗುವುದು ನಾಚಿಕೆಯಿಂದ. ಮನೆಯವರಿಗೆ ಗೊತ್ತಾಗದಂತೆ, ಗುರುತಿನ ಡಾಕ್ಟರ ಮುಂದೆ ಬಟ್ಟೆ ಸರಿಸದೆ ಮುಗಿದುಹೋಗಲಿ ಎಂಬ ಆಸೆಯಿಂದ. ತರಬೇತಿ ಇಲ್ಲದವರ ಕೈಯ ಚುಚ್ಚುಮದ್ದಿನಿಂದ, ಸುಡುವ ಲೇಪದಿಂದ ಸಣ್ಣ ಬಿರುಕು ದೊಡ್ಡ ಹುಣ್ಣಾಗಬಹುದು. ಅಲೋಪತಿಯೋ ಆಯುರ್ವೇದವೋ, ಓದಿ ಕಲಿತವರ ಬಳಿಗೇ ಹೋಗಿ. ಅವರಿಗೆ ಗುದವೂ ಕಣ್ಣು ಕಿವಿಯಂತೆಯೇ ಒಂದು ಅಂಗ.

ನನ್ನ ಬಿರುಕಿಗೆ ಕಾರಣಗಳನ್ನು ಡಾಕ್ಟರು ಕೂತಲ್ಲೇ ಎಣಿಸಿ ತೋರಿಸಿದರು. "ಬಾಣಂತಿ ಅಂತ ನೀರು ಎಷ್ಟು ಕೊಡ್ತಾರೆ?" ಅಮ್ಮ ಲೋಟದಲ್ಲಿ ಅಳೆದು ಕೊಡುತ್ತಿದ್ದಳು; ನೀರು ಜಾಸ್ತಿ ಕುಡಿದರೆ ಹೊಟ್ಟೆ ಬರುತ್ತದೆಂದು ಭಯ. ಸೊಪ್ಪು ತರಕಾರಿ ವಾಯು, ಹಣ್ಣು ಶೀತ ಎಂದು ಎಲ್ಲ ಬಂದ್. ಮೂರು ಹೊತ್ತೂ ಬಿಸಿಯನ್ನ, ತುಪ್ಪ, ಮೆಣಸಿನ ಸಾರು, ಬೆಳ್ಳುಳ್ಳಿ. ಇಷ್ಟರ ಮೇಲೆ ಕಬ್ಬಿಣದ ಮಾತ್ರೆ, ಸುಣ್ಣದ ಮಾತ್ರೆ. ಎರಡೂ ಹೊಟ್ಟೆ ಕಟ್ಟಿಸುವಂಥವೇ. ಹೆರಿಗೆಯ ಹೊಲಿಗೆ ಎಲ್ಲಿ ಬಿಚ್ಚಿಹೋಗುತ್ತದೋ ಎಂದು ನಾನು ಮುಕ್ಕಲು ಹೆದರಿ ಎರಡೆರಡು ದಿನ ತಡೆದುಕೊಂಡಿದ್ದೆ. ಮಗುವಿಗೆ ಹಾಲೂಡುವ ತಾಯಿಯ ಮೈಯಿಂದ ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹಾಲು ಹೊರಗೆ ಹೋಗುತ್ತದೆ. ಅಷ್ಟು ನೀರು ಮೈಗೆ ಎಲ್ಲಿಂದ ಬರಬೇಕು? ಅಮ್ಮ ಪ್ರೀತಿಯಿಂದಲೇ ಮಾಡಿದ್ದಳು, ಅವಳ ಅಮ್ಮ ಅವಳಿಗೆ ಮಾಡಿದ ಹಾಗೆ. ಆದರೆ ಮೂರು ತಲೆಮಾರಿನ ಹೆಣ್ಣುಮಕ್ಕಳು ಅದೇ ಕೋಣೆಯಲ್ಲಿ ಹಲ್ಲು ಕಚ್ಚಿಕೊಂಡಿದ್ದರು, ಒಬ್ಬರೂ ಇನ್ನೊಬ್ಬರಿಗೆ ಹೇಳಿರಲಿಲ್ಲ. ಹೇಳಿದ್ದಿದ್ದರೆ ಆ ಪಥ್ಯ ಎಂದೋ ಬದಲಾಗಿರುತ್ತಿತ್ತು.

ಒಳಗೆ ನಡೆಯುವ ಲೆಕ್ಕ ಸರಳವಾದದ್ದು. ಸಣ್ಣ ಕರುಳಿನಿಂದ ದೊಡ್ಡ ಕರುಳಿಗೆ ದಿನಕ್ಕೆ ಸುಮಾರು ಒಂದೂವರೆ ಲೀಟರ್ ತೆಳ್ಳನೆಯ ರಸ ಇಳಿಯುತ್ತದೆ. ಅದರಲ್ಲಿ ಹೆಚ್ಚಿನ ಪಾಲು ನೀರನ್ನು ದೊಡ್ಡ ಕರುಳು ಹೀರಿಕೊಂಡು ಮೈಗೆ ವಾಪಸು ಕೊಡುತ್ತದೆ. ಕೊನೆಗೆ ಹೊರಬೀಳುವುದು ನೂರಿನ್ನೂರು ಗ್ರಾಂ. ಅದರಲ್ಲೂ ಮುಕ್ಕಾಲು ಪಾಲು ನೀರೇ ಇರಬೇಕು, ಆಗಲೇ ಅದು ನೋಯಿಸದೆ ಜಾರುವುದು. ಕರುಳಿಗೆ ಗಡಿಯಾರ ಗೊತ್ತಿಲ್ಲ. ಸರಕು ಎಷ್ಟು ಹೊತ್ತು ಅಲ್ಲಿರುತ್ತದೋ ಅಷ್ಟು ಹೊತ್ತೂ ನೀರು ಹೀರುತ್ತಲೇ ಇರುತ್ತದೆ. ಒತ್ತಡ ಬಂದಾಗ ನಾವು ತಡೆದರೆ ಆ ಒತ್ತಡ ಸ್ವಲ್ಪ ಹೊತ್ತಿಗೆ ಅಡಗುತ್ತದೆ. 'ಹೋಯ್ತು, ಬಚಾವ್' ಅಂದುಕೊಳ್ಳುತ್ತೇವೆ. ಒಳಗಿರುವುದು ಒಣಗುತ್ತ ಹೋಗುತ್ತದೆ. ದಿನಾ ಹೀಗೇ ತಡೆದರೆ ಕರೆಯುವುದನ್ನೇ ಕರುಳು ಬಿಟ್ಟುಬಿಡುತ್ತದೆ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಏಳನೆಯ ಅಧ್ಯಾಯದ ಹೆಸರೇ 'ನವೇಗಾನ್‌ಧಾರಣೀಯ'. ವೇಗಗಳನ್ನು ತಡೆಹಿಡಿಯಬಾರದು ಎಂದು ಅರ್ಥ. ಹಸಿವು, ಬಾಯಾರಿಕೆ, ನಿದ್ದೆ, ಸೀನು, ಆಕಳಿಕೆ, ತೇಗು, ಕಣ್ಣೀರು ಎಂದು ತಡೆಯಬಾರದ ಹದಿಮೂರು ವೇಗಗಳನ್ನು ಅಲ್ಲಿ ಹೆಸರಿಸಿದೆ. ಮಲವೂ ಅವುಗಳಲ್ಲೊಂದು. ಅದನ್ನು ತಡೆದರೆ ಹೊಟ್ಟೆ ನೋವು, ತಲೆನೋವು, ಹೊಟ್ಟೆಯುಬ್ಬರ, ವಾಯು ಕಟ್ಟುವುದು, ಮೀನಖಂಡ ಸೆಳೆಯುವುದು ಇವೆಲ್ಲ ಬರುತ್ತವೆ ಎಂದು ಹೇಳಿ, ಪರಿಹಾರದ ಸಾಲಿನಲ್ಲಿ ಶಾಖ, ಎಣ್ಣೆ ಹಚ್ಚುವುದು, ಬೆಚ್ಚಗಿನ ದ್ರವದಲ್ಲಿ ಮುಳುಗಿ ಕೂರುವುದನ್ನು ಸೇರಿಸಿದೆ. ಬಿಸಿನೀರಿನ ಟಬ್ಬಿನಲ್ಲಿ ಕೂರಿ ಎಂದು ಇಂದಿನ ಸರ್ಜನ್ನರು ಹೇಳುವ ಮಾತೂ ಅದೇ.

ಆದರೆ ತಡೆಯುವವರೆಲ್ಲ ಬೇಕೆಂದು ತಡೆಯುತ್ತಾರೆಯೇ? ನಾನು ಪಾಠ ಹೇಳಿದ ಒಂದು ಶಾಲೆಯಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳು ದಿನಾ ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ನನ್ನ ಟೇಬಲ್ ಬಳಿ ಬರುತ್ತಿದ್ದಳು. "ಮಿಸ್, ಮನೆಗೆ ಹೋಗ್ಲಾ?" ನೆಪ ಹೇಳುತ್ತಿದ್ದಾಳೆ ಎಂದುಕೊಂಡಿದ್ದೆ. ಒಂದು ದಿನ ಅವಳ ನೀರಿನ ಬಾಟಲಿ ಎತ್ತಿ ನೋಡಿದೆ. ಬೆಳಿಗ್ಗೆ ಅವರಮ್ಮ ತುಂಬಿಸಿ ಕೊಟ್ಟದ್ದು ಹಾಗೇ ತುಂಬಿತ್ತು. ಪಕ್ಕದ ಹುಡುಗಿಯದೂ ಹಾಗೇ. ಅವಳ ಹಿಂದಿನವಳದೂ ಹಾಗೇ. ನಮ್ಮ ಶಾಲೆಯ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕ ಇರಲಿಲ್ಲ, ನೀರು ಬೆಳಿಗ್ಗೆ ಒಂದು ಹೊತ್ತು ಮಾತ್ರ. ನೀರು ಕುಡಿದರೆ ಹೋಗಬೇಕಾಗುತ್ತದೆ, ಹೋಗಲು ಜಾಗ ಇಲ್ಲ, ಆದ್ದರಿಂದ ಕುಡಿಯುವುದೇ ಬೇಡ. ಹನ್ನೊಂದು ವರ್ಷದ ಮಕ್ಕಳು ಮಾಡಿಕೊಂಡ ಲೆಕ್ಕ ಅದು. ಚಿಲಕ ಹಾಕಿಸಲು ಮೂರು ಮೀಟಿಂಗು, ಒಬ್ಬ ಬಡಗಿ, ಒಂದು ಮಧ್ಯಾಹ್ನ ಸಾಕಾಯಿತು. ಎರಡು ವಾರದಲ್ಲಿ ಅವಳು ಹೊಟ್ಟೆನೋವೆಂದು ಬರುವುದು ನಿಂತಿತು.

ಹೀಗೆ ತಡೆಯುವವರು ನಮ್ಮ ಸುತ್ತ ಬಹಳ ಮಂದಿ. ರಾತ್ರಿ ಬಸ್ಸಿನ ಹೆಣ್ಣುಮಕ್ಕಳು, ಅಂಗಡಿಯಲ್ಲಿ ದಿನವಿಡೀ ನಿಂತು ಕೆಲಸ ಮಾಡುವವರು, ಟ್ರಾಫಿಕ್ ಪೊಲೀಸರು, ಲಾರಿ ಓಡಿಸುವವರು. ಮನೆಯಲ್ಲಿ ಕಕ್ಕಸು ಇಲ್ಲದೆ ಕತ್ತಲಾಗುವವರೆಗೆ ಕಾದು ಚೊಂಬು ಹಿಡಿದು ಹೊರಟ ಹಳ್ಳಿಯ ತಾಯಂದಿರು ತಲೆಮಾರುಗಟ್ಟಲೆ ತಡೆದೇ ಬದುಕಿದರು. ಒಂದು ಚಿಲಕ, ಒಂದು ನಲ್ಲಿ, ಕರೆದಾಗ ಎದ್ದು ಹೋಗಲು ಸಿಗುವ ಐದು ನಿಮಿಷ: ಮಲಬದ್ಧತೆಯ ಮದ್ದಿನ ಪಟ್ಟಿಯಲ್ಲಿ ಇವು ಮೊದಲು ಬರಬೇಕು.

ಊಟದ ಮಾತಿಗೆ ಬರೋಣ. ಐರ್ಲೆಂಡಿನ ಸರ್ಜನ್ ಡೆನಿಸ್ ಬರ್ಕಿಟ್ ಉಗಾಂಡದಲ್ಲಿ ಬಹಳ ವರ್ಷ ಕೆಲಸ ಮಾಡಿದವರು. ಅಲ್ಲಿನ ಹಳ್ಳಿಗರು ನಾರು ತುಂಬಿದ ಒರಟು ಆಹಾರ ಉಣ್ಣುತ್ತಾರೆ, ಅವರಲ್ಲಿ ಮಲಬದ್ಧತೆ, ಮೂಲವ್ಯಾಧಿಯಂಥವು ಅಪರೂಪ ಎಂದು ಗಮನಿಸಿ, 1970ರ ದಶಕದಲ್ಲಿ ನಾರಿನ ಮಹತ್ವವನ್ನು ಜಗತ್ತಿಗೆಲ್ಲ ಸಾರಿಕೊಂಡು ಬಂದರು. ಆಮೇಲಿನ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ನಾರು ಹೆಚ್ಚಿಸಿದವರಲ್ಲಿ ಮೂಲವ್ಯಾಧಿಯ ರಕ್ತಸ್ರಾವ ಸುಮಾರು ಅರ್ಧಕ್ಕೆ ಇಳಿದದ್ದು ಕಂಡಿದೆ. ದೊಡ್ಡವರಿಗೆ ದಿನಕ್ಕೆ 25ರಿಂದ 30 ಗ್ರಾಂ ನಾರು ಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಪಾಲಿಶ್ ಮಾಡಿದ ಅದೇ ತೂಕದ ಬಿಳಿ ಅಕ್ಕಿಯಲ್ಲಿ ಮೂರು ಗ್ರಾಮೂ ಇಲ್ಲ. ಮುದ್ದೆ, ಬಸ್ಸಾರು, ಹುರುಳಿ ಉಪ್ಸಾರು, ದಂಟಿನ ಸೊಪ್ಪು, ಅವರೆಕಾಳು ಉಂಡ ಮನೆಗಳು ನಾರಿನ ಹೆಸರು ಕೇಳದೆಯೇ ಅದನ್ನು ಉಣ್ಣುತ್ತಿದ್ದವು. ಉತ್ತರದ ಕಡೆ ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಹಸಿ ಮೆಂತ್ಯೆ ಸೊಪ್ಪು ಅದೇ ಕೆಲಸ ಮಾಡಿದವು. ಸೀಬೆ, ಪರಂಗಿ, ರಾತ್ರಿ ನೆನೆಸಿಟ್ಟ ಒಣದ್ರಾಕ್ಷಿಯೂ ಒಳ್ಳೆಯವು.

ಒಂದು ಎಚ್ಚರ: ನಾರಿಗೆ ನೀರು ಜೊತೆಗಿರಲೇಬೇಕು. ನೀರಿಲ್ಲದ ನಾರು ಹಸಿ ಇಲ್ಲದ ಮಣ್ಣಿನಂತೆ ಗಂಟಾಗುತ್ತದೆ. ಔಷಧಿ ಅಂಗಡಿಯಲ್ಲಿ ಸಿಗುವ ಇಸಬ್‌ಗೋಲ್ ನಮ್ಮದೇ ದೇಶದ ಬೆಳೆ, ಗುಜರಾತಿನ ಉಂಝಾ, ಸಿದ್ಧಪುರದ ಕಡೆಯಿಂದ ಲೋಕಕ್ಕೆಲ್ಲ ಹೋಗುತ್ತದೆ. ಆ ಹೊಟ್ಟನ್ನು ದೊಡ್ಡ ಲೋಟ ನೀರಿನಲ್ಲಿ ಕದಡಿ, ಲೋಳೆಯಾಗುವ ಮೊದಲೇ ಕುಡಿದು, ಮೇಲೊಂದು ಲೋಟ ನೀರು ಕುಡಿಯಬೇಕು. ಒಣದನ್ನೇ ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಉಬ್ಬಿ ಸಿಕ್ಕಿಕೊಳ್ಳುವ ಅಪಾಯವಿದೆ. ನಾರನ್ನು ಒಂದೇ ದಿನ ಏರಿಸಿದರೆ ಹೊಟ್ಟೆ ಉಬ್ಬರಿಸುತ್ತದೆ. ಒಂದೆರಡು ವಾರದಲ್ಲಿ ನಿಧಾನವಾಗಿ ಏರಿಸಬೇಕು. ಹೃದಯ, ಕಿಡ್ನಿ ತೊಂದರೆಗೆ ನೀರು ಮಿತಿಯಲ್ಲಿ ಕುಡಿಯಿರಿ ಎಂದು ಡಾಕ್ಟರು ಹೇಳಿದ್ದರೆ ಅವರನ್ನು ಕೇಳಿಯೇ ಮುಂದುವರಿಯಬೇಕು.

ಕೂರುವ ರೀತಿಯೂ ನೋವನ್ನು ಹೆಚ್ಚು ಕಡಿಮೆ ಮಾಡುತ್ತದೆ. ನಮ್ಮಪ್ಪನಿಗೆ ಮಂಡಿ ನೋವು ಬಂದು ಮನೆಯಲ್ಲಿ ಕಮೋಡ್ ಹಾಕಿಸಿದೆವು. ಮಂಡಿಗೆ ಸುಖವಾಯಿತು, ಹೊಟ್ಟೆಗೆ ಕಷ್ಟವಾಯಿತು. ಅರ್ಧ ಗಂಟೆ ಒಳಗಿದ್ದು ಬೆವರಿಕೊಂಡು ಹೊರಗೆ ಬರುತ್ತಿದ್ದರು. ಗುದನಾಳದ ಸುತ್ತ ಜೋಲಿಯಂತೆ ಒಂದು ಸ್ನಾಯು ಇದೆ, ಅದು ನಾಳವನ್ನು ಮುಂದಕ್ಕೆ ಎಳೆದು ಮಡಿಸಿ ಹಿಡಿದಿರುತ್ತದೆ. ಕುಕ್ಕರಗಾಲಿನಲ್ಲಿ ಕೂತಾಗ ಅದು ಸಡಿಲಾಗಿ ನಾಳ ನೆಟ್ಟಗಾಗುತ್ತದೆ. ಕುರ್ಚಿಯಲ್ಲಿ ಕೂತಂತೆ ಕೂತರೆ ಮಡಿಕೆ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಅಮ್ಮ ಹಸು ಕರೆಯುವಾಗ ಕೂರುತ್ತಿದ್ದ, ಒಂದು ಗೇಣಿಗಿಂತ ತುಸು ಕಡಿಮೆ ಎತ್ತರದ ಮರದ ಸ್ಟೂಲು ಅಟ್ಟದ ಮೇಲಿತ್ತು. ತೊಳೆದು ಕಮೋಡಿನ ಮುಂದಿಟ್ಟೆವು. ಎರಡೂ ಪಾದ ಅದರ ಮೇಲಿಟ್ಟು, ಮಂಡಿ ಸೊಂಟಕ್ಕಿಂತ ಮೇಲೆ ಬರುವಂತೆ ಕೂತು, ಮೊಣಕೈ ತೊಡೆಯ ಮೇಲೂರಿ ಸ್ವಲ್ಪ ಮುಂದಕ್ಕೆ ಬಾಗಲು ಹೇಳಿದೆ. ಗೋಡೆಗೆ ಒಂದು ಹಿಡಿಕೆಯನ್ನೂ ಹಾಕಿಸಿದೆವು. ನಾಲ್ಕನೆಯ ದಿನ ಅಪ್ಪ ಹೊರಗೆ ಬಂದು, "ನಿಮ್ಮಮ್ಮನ ಸ್ಟೂಲು ಈಗಲೂ ಕೆಲಸಕ್ಕೆ ಬಂತು ನೋಡಮ್ಮ," ಅಂದರು. ಅಮ್ಮ ತೀರಿಕೊಂಡು ಆಗ ಎರಡು ವರ್ಷವಾಗಿತ್ತು.

ಹೊತ್ತೂ ಮುಖ್ಯ. ಹೊಟ್ಟೆಗೆ ಏನಾದರೂ ಬಿದ್ದ ಕೂಡಲೆ ದೊಡ್ಡ ಕರುಳು ಅಲುಗಾಡುವುದು ದೇಹಧರ್ಮ. ಬೆಳಿಗ್ಗೆ ಅದು ಜೋರಾಗಿರುತ್ತದೆ. ಬಿಸಿನೀರು, ಕಾಫಿ ಅಥವಾ ತಿಂಡಿಯಾದ ಇಪ್ಪತ್ತು ನಿಮಿಷಕ್ಕೆ ಹೋಗಿ ಕೂರುವುದು ರೂಢಿಯಾದರೆ ಕರುಳೇ ಆ ಹೊತ್ತಿಗೆ ಕರೆಯಲು ಕಲಿಯುತ್ತದೆ. ಐದು ಹತ್ತು ನಿಮಿಷ ಸಾಕು. ಬರದಿದ್ದರೆ ಎದ್ದು ಬನ್ನಿ, ತಿಣುಕಬೇಡಿ. ಫೋನು ಹೊರಗಿರಲಿ. 2025ರಲ್ಲಿ ಅಮೆರಿಕದ ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ 125 ಮಂದಿಯ ಕರುಳು ಪರೀಕ್ಷಿಸಿದಾಗ, ಶೌಚಾಲಯದಲ್ಲಿ ಫೋನು ನೋಡುವವರಲ್ಲಿ ಮೂಲವ್ಯಾಧಿಯ ಸಂಭವ ಶೇಕಡಾ 46ರಷ್ಟು ಹೆಚ್ಚು ಕಂಡಿತು. ಹಾಗೆಯೇ 'ದಿನಾ ಆಗಲೇಬೇಕು' ಎಂಬ ಚಿಂತೆಯೂ ಬೇಡ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಸಹಜ. ನೋಡಬೇಕಾದದ್ದು ಹದವನ್ನು. ಇಂಗ್ಲೆಂಡಿನ ಬ್ರಿಸ್ಟಲ್ಲಿನ ವೈದ್ಯರು 1997ರಲ್ಲಿ ಮಲದ ರೂಪವನ್ನು ಏಳು ಬಗೆಯಾಗಿ ವಿಂಗಡಿಸಿದ ಪಟ್ಟಿಯನ್ನು ಇಂದು ಲೋಕದ ವೈದ್ಯರೆಲ್ಲ ಬಳಸುತ್ತಾರೆ. ಮೊದಲನೆಯದು ಆಡಿನ ಹಿಕ್ಕೆಯಂತೆ ಬಿಡಿಬಿಡಿ, ಏಳನೆಯದು ಬರಿ ನೀರು. ನಡುವಿನ ನಾಲ್ಕನೆಯದು ಬಾಳೆಹಣ್ಣಿನಂತೆ ನುಣುಪು, ಮೆದು. ಹಿಕ್ಕೆಯಿಂದ ಬಾಳೆಹಣ್ಣಿಗೆ ಬಂದರೆ ಬಿರುಕು ಅರ್ಧ ಮಾಯ್ದಂತೆ.

ಗಾಯವಾಗಿಯೇ ಬಿಟ್ಟಿದ್ದರೆ ಮೊದಲ ಉಪಶಮನ ಬಿಸಿನೀರು. ಅಗಲ ಟಬ್ಬಿನಲ್ಲಿ, ಮೊಣಕೈ ಅದ್ದಿ ನೋಡಿದರೆ ಹಿತವೆನಿಸುವಷ್ಟು ಬೆಚ್ಚಗಿನ ನೀರು ಹಾಕಿ, ಸೊಂಟ ಮುಳುಗುವಂತೆ ಹತ್ತು ಹದಿನೈದು ನಿಮಿಷ ಕೂರುವುದು. ಹೋಗಿ ಬಂದ ಮೇಲೊಮ್ಮೆ, ದಿನಕ್ಕೆ ಎರಡು ಮೂರು ಸಲ. ಬಿಗಿದ ಉಂಗುರ ಆ ಬಿಸಿಗೆ ಸಡಿಲಾಗುತ್ತದೆ. ಡೆಟಾಲು, ಉಪ್ಪು ಏನೂ ಬೇಕಿಲ್ಲ. ಸೋಪು ಹಾಕಿ ಉಜ್ಜಬಾರದು, ಮೆತ್ತಗೆ ಒತ್ತಿ ಒರೆಸಬೇಕು. ಮಲ ಮೆದುವಾಗಿಸಲು ಲ್ಯಾಕ್ಟುಲೋಸ್‌ನಂಥ ಸಿರಪ್ಪು, ಸ್ನಾಯು ಸಡಿಲಿಸಿ ರಕ್ತ ಹರಿಸಲು ಡಿಲ್ಟಿಯಾಜೆಮ್ ಅಥವಾ ನೈಟ್ರೋಗ್ಲಿಸರಿನ್ ಮುಲಾಮನ್ನು ಡಾಕ್ಟರು ಕೊಡುತ್ತಾರೆ. ಹೊಸ ಬಿರುಕುಗಳಲ್ಲಿ ಹೆಚ್ಚಿನವು ಇಷ್ಟರಲ್ಲೇ ಆರೆಂಟು ವಾರಕ್ಕೆ ಮಾಯುತ್ತವೆ. ಮಾಯದೆ ಹಳತಾದವಕ್ಕೆ ಒಳಗಿನ ಸ್ನಾಯುವಿನ ಒಂದಿಷ್ಟು ಎಳೆ ಬಿಡಿಸುವ ಸಣ್ಣ ಆಪರೇಷನ್ನಿದೆ. ತಿಂಗಳಿಗೊಮ್ಮೆ ಹರಳೆಣ್ಣೆ ಕುಡಿಸಿ ಹೊಟ್ಟೆ ತೊಳೆಯುವ ಹಳೆಯ ಪದ್ಧತಿಯನ್ನು ಬಸುರಿಯರಿಗೆ, ಎಳೆ ಮಕ್ಕಳಿಗೆ, ನಿತ್ರಾಣಗೊಂಡ ಮುದುಕರಿಗೆ ಮಾಡಕೂಡದು. ಭೇದಿ ಮಾತ್ರೆಯನ್ನು ತಿಂಗಳುಗಟ್ಟಲೆ ತಾವಾಗಿಯೇ ನುಂಗುವುದೂ ಸರಿಯಲ್ಲ.

ಮನೆಯಲ್ಲಿ ವಯಸ್ಸಾದವರಿಗೆ ಹೊಟ್ಟೆ ಕಟ್ಟಿದರೆ ಮೊದಲು ಅವರ ಮಾತ್ರೆಯ ಡಬ್ಬಿ ನೋಡಿ. ಕಬ್ಬಿಣ, ಸುಣ್ಣದ ಮಾತ್ರೆಗಳಲ್ಲದೆ ಟ್ರಮಡಾಲ್‌ನಂಥ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ಪು, ಕೆಲವು ಬಿಪಿ ಮಾತ್ರೆ, ಖಿನ್ನತೆಯ ಕೆಲವು ಔಷಧಿ ಮಲಬದ್ಧತೆ ತರುತ್ತವೆ. ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ, ಪಾರ್ಕಿನ್ಸನ್ ಕಾಯಿಲೆಯೂ ತರುತ್ತವೆ. ಮಾತ್ರೆ ನಿಲ್ಲಿಸಬೇಡಿ, ಡಾಕ್ಟರಿಗೆ ತಿಳಿಸಿ.

ಇನ್ನು ಕೆಲವು ಗುರುತುಗಳಿಗೆ ಒಂದು ದಿನವೂ ನಾಚಬಾರದು. ನಲವತ್ತೈದು ದಾಟಿದವರಿಗೆ ಹೊಸದಾಗಿ ರಕ್ತ ಹೋಗುವುದು, ಹೊಟ್ಟೆಯ ರೂಢಿ ಇದ್ದಕ್ಕಿದ್ದಂತೆ ಬದಲಾಗಿ ವಾರಗಟ್ಟಲೆ ಹಾಗೇ ಉಳಿಯುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಡಾಂಬರಿನಂಥ ಕಪ್ಪು ಮಲ, ಹೋಗಿ ಬಂದರೂ ಇನ್ನೂ ಇದೆಯೆನಿಸುವುದು, ರಕ್ತ ಸಂಬಂಧಿಕರಲ್ಲಿ ಕರುಳಿನ ಕ್ಯಾನ್ಸರ್ ಇದ್ದದ್ದು. ಇವಿದ್ದರೆ ಮೂಲವ್ಯಾಧಿಯೇ ಇರಬೇಕೆಂದು ಮುಲಾಮು ಹಚ್ಚಿಕೊಂಡು ಕೂರದೆ ಕೊಲನೋಸ್ಕೋಪಿ ಬೇಕೇ ಎಂದು ಕೇಳಿ. ಕರುಳಿನ ಕ್ಯಾನ್ಸರ್ ಬೇಗ ಸಿಕ್ಕರೆ ಗುಣವಾಗುವಂಥದ್ದು. ಗುದದ ಬಳಿ ಊತ ಬಂದು ಜ್ವರವಿದ್ದರೆ ಕೀವು ತುಂಬಿರಬಹುದು. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಅದು ಆ ರಾತ್ರಿಯೇ ಆಸ್ಪತ್ರೆಗೆ ಓಡಬೇಕಾದ ವಿಷಯ.

ಚರಕನ ಆ ಅಧ್ಯಾಯ ತಡೆಯಬಾರದ್ದನ್ನು ಹೇಳಿ ಅಲ್ಲಿಗೇ ಮುಗಿಯುವುದಿಲ್ಲ. ತಡೆಯಬೇಕಾದ ವೇಗಗಳನ್ನೂ ಎಣಿಸುತ್ತದೆ: ಲೋಭ, ಶೋಕ, ಭಯ, ಕ್ರೋಧ, ಗರ್ವ, ಮತ್ಸರ, ಚುಚ್ಚುಮಾತು, ಸುಳ್ಳು. ಎರಡು ಪಟ್ಟಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗಲೆಲ್ಲ ನಾವು ಅವನ್ನು ಅದಲುಬದಲು ಮಾಡಿಕೊಂಡಿದ್ದೇವೆ ಅನಿಸುತ್ತದೆ. ಸಿಟ್ಟನ್ನು ಎಲ್ಲರೆದುರು ಬಿಡುತ್ತೇವೆ, ಚುಚ್ಚುಮಾತನ್ನು ತಡೆಯುವುದಿಲ್ಲ. ಹಸಿವು, ನಿದ್ದೆ, ಕಣ್ಣೀರು, ಶೌಚ ಇವನ್ನು ಮರ್ಯಾದೆಯ ಹೆಸರಲ್ಲಿ ತಡೆಯುತ್ತೇವೆ. ಆ ಮರ್ಯಾದೆಯನ್ನೇ ಮಕ್ಕಳಿಗೂ ಕಲಿಸುತ್ತೇವೆ.

ಹೋದ ತಿಂಗಳು ನನ್ನ ಮಗಳಿಗೆ ಹೆರಿಗೆಯಾಯಿತು. ಅಂದು ತೊಟ್ಟಿಲಲ್ಲಿದ್ದವಳು ಇಂದು ಅದೇ ಮನೆಯಲ್ಲಿ ಬಾಣಂತಿ. ಅವಳ ಮಂಚದ ಪಕ್ಕ ದೊಡ್ಡ ಚೊಂಬಿನಲ್ಲಿ ಕಾಯಿಸಿ ಆರಿಸಿದ ನೀರು ಸದಾ ಇರುತ್ತದೆ. ಊಟಕ್ಕೆ ಸಬ್ಬಸಿಗೆ ಸೊಪ್ಪು, ಪಡವಲಕಾಯಿ ಇದೆ. ಆದರೂ ಆರನೆಯ ದಿನ ಬೆಳಿಗ್ಗೆ ಕಕ್ಕಸಿನೊಳಗಿಂದ ನಲ್ಲಿಯ ಸದ್ದು ಜೋರಾಗಿ ಕೇಳಿತು. ಬಕೆಟ್ಟು ತುಂಬಿ ಹರಿದರೂ ನಿಲ್ಲಲಿಲ್ಲ. ಆ ಸದ್ದು ನನಗೆ ಗೊತ್ತಿತ್ತು.

ಅವಳು ಹೊರಗೆ ಬಂದ ಮೇಲೆ ಬಾಗಿಲು ಮುಂದಕ್ಕೆಳೆದು ಮಂಚದ ಅಂಚಿನಲ್ಲಿ ಕೂತೆ. "ನೋವಾಗ್ತದಾ ಪುಟ್ಟಿ? ನನಗೂ ಆಗಿತ್ತು, ನೀನು ಹುಟ್ಟಿದಾಗ." ಅವಳು ಸ್ವಲ್ಪ ಹೊತ್ತು ನೆಲ ನೋಡಿದಳು. ಆಮೇಲೆ ಎಲ್ಲ ಹೇಳಿದಳು. ಅಂದು ಸಂಜೆ ಒಲೆಯ ಮೇಲೆ ಎರಡು ಪಾತ್ರೆ ನೀರು ಕಾಯುತ್ತಿತ್ತು. ಒಂದು ಮಗುವಿಗೆ ಎರೆಯಲು, ಇನ್ನೊಂದು ತಾಯಿಗೆ ಕೂರಲು.